ಒಡತಿ ಸತ್ತ ಮೇಲೆ

1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯನ್ನು ಹೆಣ್ಣಿನ ಬಿಡುಗಡೆಯ ಶಾಸನವೆಂದು ಕೊಂಡಾಡುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. 14ನೇ ಕಲಂ ವಿಧವೆಯ ಸೀಮಿತ ಹಕ್ಕನ್ನು ಪೂರ್ಣ ಒಡೆತನವಾಗಿಸಿದ್ದು, ಮಗಳಿಗೆ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಪಾಲು ಕೊಡಲು ಕರ್ನಾಟಕ 1994ರಲ್ಲೇ ಮುಂದಾದದ್ದು, 2005ರಲ್ಲಿ ದೇಶವೇ ಆ ದಾರಿ ಹಿಡಿದದ್ದು ಎಲ್ಲರಿಗೂ ಗೊತ್ತು. ಆದರೆ ಹೊಗಳುವವರು 14ಕ್ಕೇ ಪುಸ್ತಕ ಮುಚ್ಚುತ್ತಾರೆ. ಮುಂದಿನ ಎರಡು ಕಲಂಗಳನ್ನು ಓದಿದರೆ ಈ ಕೀರ್ತಿ ಉಳಿಯುವುದಿಲ್ಲ.

ಉಯಿಲು ಬರೆಯದೆ ಗಂಡಸು ಸತ್ತರೆ ಹೆಂಡತಿ, ಮಕ್ಕಳ ಜೊತೆಗೆ ಅವನ ತಾಯಿಗೂ ಸಮಪಾಲು. ಹೆಂಗಸು ಸತ್ತರೆ 15ನೇ ಕಲಂ ಪ್ರಕಾರ ಮೊದಲು ಮಕ್ಕಳು ಮತ್ತು ಗಂಡ. ಅವರಿಲ್ಲದಿದ್ದರೆ ಗಂಡನ ವಾರಸುದಾರರು. ಅವರಲ್ಲಿ ಯಾರೂ ಇಲ್ಲದಿದ್ದರೆ ಮಾತ್ರ ಹೆತ್ತವರು. 16ನೇ ಕಲಂ ಇನ್ನೂ ವಿಚಿತ್ರ. ಗಂಡನ ವಾರಸುದಾರರನ್ನು ಗುರುತಿಸಲು, ಆಸ್ತಿ ಅವನದೇ ಆಗಿತ್ತು, ಹೆಂಡತಿ ಸತ್ತ ಕೂಡಲೇ ಅವನೂ ಸತ್ತ ಎಂದು ಕಲ್ಪಿಸಿಕೊಳ್ಳಬೇಕಂತೆ! ನಲವತ್ತು ವರ್ಷದ ಹಿಂದೆ ತೀರಿಕೊಂಡವನನ್ನು ಕಾನೂನು ಎಬ್ಬಿಸಿ ತಂದು, ಆಕೆ ದುಡಿದದ್ದನ್ನು ಅವನ ಹೆಸರಿಗೆ ಬರೆದು, ಅವನ ಕಡೆಯವರಿಗೆ ಹಂಚುತ್ತದೆ. ಗಂಡಸಿನ ವಾರಸುದಾರರ ಪಟ್ಟಿಯಲ್ಲಿ ಹೆಂಡತಿಯ ತವರಿನವರಿಗೆ, ಆ ನಂಟಿನಿಂದ, ಎಲ್ಲಿಯೂ ಜಾಗವಿಲ್ಲ.

ಓಂಪ್ರಕಾಶ್ ವಿರುದ್ಧ ರಾಧಾಚರಣ್ ಪ್ರಕರಣದಲ್ಲಿ ಇದರ ಕ್ರೌರ್ಯ ಬಯಲಾಯಿತು. ಮದುವೆಯಾದ ಮೂರೇ ತಿಂಗಳಿಗೆ ಒಬ್ಬಾಕೆಯ ಗಂಡ ಹಾವು ಕಚ್ಚಿ ಸತ್ತ. ಗಂಡನ ಮನೆಯವರು ಅವಳನ್ನು ಹೊರಗಟ್ಟಿದರು. ತವರಿನವರು ಓದಿಸಿದರು, ನೌಕರಿ ಹಿಡಿದಳು, 1996ರಲ್ಲಿ ಉಯಿಲಿಲ್ಲದೆ ತೀರಿಕೊಂಡಳು. ಬ್ಯಾಂಕಿನಲ್ಲಿ ಹಣವಿತ್ತು, ಭವಿಷ್ಯನಿಧಿ ಇತ್ತು. ಅದೆಲ್ಲ ಗಂಡನ ಸೋದರಿಯ ಮಕ್ಕಳಿಗೆ ಸೇರಬೇಕೆಂದು 2009ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಪ್ರಕರಣ ಮರುಕ ಹುಟ್ಟಿಸುವಂಥದ್ದೆಂದು ಒಪ್ಪಿದರೂ, ಮರುಕ ನ್ಯಾಯನಿರ್ಣಯಕ್ಕೆ ಆಧಾರವಾಗದು ಎಂದಿತು.

ಶಾಸನದ ಮಾತು ಸ್ಪಷ್ಟವಿದ್ದಾಗ ಕೋರ್ಟು ಇನ್ನೇನು ಮಾಡೀತು ಎನ್ನುವವರಿದ್ದಾರೆ. ಅಷ್ಟರಮಟ್ಟಿಗೆ ಅವರ ಮಾತು ಸರಿ. ಒಪ್ಪಲಾಗದ್ದು ಅವರ ಇನ್ನೊಂದು ಸಮರ್ಥನೆ: ಹೆಣ್ಣು ಸ್ವಂತ ದುಡಿದು ಆಸ್ತಿ ಮಾಡುವುದನ್ನು 1956ರ ಸಂಸತ್ತು ಊಹಿಸಿರಲಿಲ್ಲ, ಆ ಕಾಲವೇ ಹಾಗಿತ್ತು ಎಂಬುದು. ಇದನ್ನು ಬರೆಯುವವರು 14ನೇ ಕಲಮನ್ನೂ ಪೂರ್ತಿ ಓದಿಲ್ಲ. ಹೆಣ್ಣಿನ ಆಸ್ತಿ ಎಂದರೆ ಯಾವುದು ಎಂದು ವಿವರಿಸುವಾಗ ಆಕೆ ತನ್ನ ಕೌಶಲದಿಂದ, ಶ್ರಮದಿಂದ ಗಳಿಸಿದ್ದನ್ನೂ ಆ ಕಲಂ ಸೇರಿಸಿದೆ. ಆಕೆಯ ದುಡಿಮೆ ಸಂಸತ್ತಿನ ಕಣ್ಣ ಮುಂದೆಯೇ ಇತ್ತು. ವಾರಸಿನ ಮಾತು ಬಂದಾಗ ಅದನ್ನು ಕೈಬಿಟ್ಟಿತು. ಮಕ್ಕಳಿಲ್ಲದವಳಿಗೆ ಅಪ್ಪ ಅಮ್ಮನಿಂದ ಬಂದದ್ದು ಅಪ್ಪನ ವಾರಸುದಾರರಿಗೆ, ಗಂಡ ಮಾವನಿಂದ ಬಂದದ್ದು ಗಂಡನ ವಾರಸುದಾರರಿಗೆ ಎಂದು 15(2) ಹೇಳುತ್ತದೆ. ಎಂದರೆ ಆಸ್ತಿಯ ಮೂಲ ನೋಡುವ ತತ್ತ್ವವನ್ನು ಕಾಯ್ದೆಯೇ ಒಪ್ಪಿದೆ. ಸಂಬಳದ ಮೂಲ ಆಕೆಯ ದುಡಿಮೆ. ಆ ದುಡಿಮೆಗೆ ಆಸರೆಯಾದ ಓದು ತವರಿನದು. ಗಂಡನ ಮನೆಯವರಿಗೆ ಅದರ ಮೇಲೆ ಯಾವ ಹಕ್ಕು?

ತೀರ್ಪಿಗೆ ಒಂದು ವರ್ಷ ಮೊದಲೇ, 2008ರಲ್ಲಿ, ಕಾನೂನು ಆಯೋಗದ 207ನೇ ವರದಿ 15ನೇ ಕಲಮಿಗೆ ತಿದ್ದುಪಡಿ ಕೇಳಿತ್ತು. 2012ರಲ್ಲಿ ಬಾಂಬೆ ಹೈಕೋರ್ಟಿನ ಏಕಸದಸ್ಯ ಪೀಠ ಈ ಕಲಮಿನಲ್ಲಿ ಲಿಂಗತಾರತಮ್ಯವಿದೆ ಎಂದಿತು. ಆದರೂ ಸಂಸತ್ತು ಈ ವಾರಸಿನ ಕ್ರಮವನ್ನು ಬದಲಿಸಲಿಲ್ಲ. ಈ ಎರಡು ಕಲಂಗಳನ್ನು ಪಕ್ಕಕ್ಕಿಟ್ಟು ಕಾಯ್ದೆಯನ್ನು ಹೊಗಳುವ ವಿಮರ್ಶೆ ನನಗೆ ಒಪ್ಪಿಗೆಯಿಲ್ಲ.

ದುಡಿಯುವ ಹೆಣ್ಣುಮಕ್ಕಳಲ್ಲಿ, ಮುಖ್ಯವಾಗಿ ಮಕ್ಕಳಿಲ್ಲದವರಲ್ಲಿ, ಒಂದು ವಿನಂತಿ: ತಿದ್ದುಪಡಿಗೆ ಕಾಯದೆ ಉಯಿಲು ಬರೆದಿಡಿ. ಸ್ಟಾಂಪ್ ಕಾಗದ ಬೇಡ, ನೋಂದಣಿ ಕಡ್ಡಾಯವಲ್ಲ. ನಿಮ್ಮ ಸಹಿ, ಇಬ್ಬರು ಸಾಕ್ಷಿಗಳ ಸಹಿ ಇದ್ದರೆ ಸಾಕು.