ತಾಯಿಫ್ ಒಪ್ಪಂದ: ಸಂಧಿಯೇ, ಕ್ಷಮೆಯೇ?

ಸಂಧಿಪತ್ರಗಳ ಗುಣದೋಷಗಳನ್ನು ರಾಜನೀತಿಜ್ಞರೂ ಕಾನೂನುಪಂಡಿತರೂ ತಮ್ಮ ತಮ್ಮ ಶಾಸ್ತ್ರಗಳ ಬೆಳಕಿನಲ್ಲಿ ವಿವೇಚಿಸುವುದು ರೂಢಿ. ಆದರೆ ಸಹಸ್ರಾರು ಜೀವಗಳ ಅಳಿವು ಉಳಿವು ಒಂದು ಬರಹವನ್ನು ಅವಲಂಬಿಸಿರುವಾಗ, ಆ ಬರಹವನ್ನು ಧರ್ಮದೃಷ್ಟಿಯಿಂದಲೂ ಓದಬೇಕಾಗುತ್ತದೆ. ಅರಬ್ ಜಗತ್ತಿನ ಸಂಧಾನಗಳಲ್ಲಿ ಪ್ರಮುಖವಾದ 1989ರ ತಾಯಿಫ್ ಒಪ್ಪಂದವು ಅಂತಹ ಓದಿಗೆ ಅರ್ಹವಾದ ಒಂದು ಕೃತಿ. ಅದು ತನ್ನನ್ನು ರಾಷ್ಟ್ರೀಯ ಸಾಮರಸ್ಯದ ಪತ್ರವೆಂದು ಕರೆದುಕೊಂಡಿದೆ. ಆ ಹೆಸರಿಗೆ ಅದು ಎಷ್ಟರಮಟ್ಟಿಗೆ ತಕ್ಕುದಾಗಿದೆ ಎಂಬುದೇ ಇಲ್ಲಿನ ಪ್ರಶ್ನೆ.

ಲೆಬನಾನ್ ದೇಶದಲ್ಲಿ 1975ರ ಏಪ್ರಿಲ್‌ನಲ್ಲಿ ಹೊತ್ತಿಕೊಂಡ ಅಂತರ್ಯುದ್ಧವು 1990ರವರೆಗೆ ಉರಿಯಿತು. ಮಡಿದವರ ಸಂಖ್ಯೆ ಸುಮಾರು ಒಂದೂವರೆ ಲಕ್ಷವೆಂದು ಹೇಳಲಾಗುತ್ತದೆ. 1989ರ ಮೇ ತಿಂಗಳಲ್ಲಿ ಕಾಸಾಬ್ಲಾಂಕಾದಲ್ಲಿ ಸೇರಿದ ಅರಬ್ ಶೃಂಗಸಭೆಯು ಸೌದಿ ಅರೇಬಿಯದ ದೊರೆ ಫಹದ್, ಮೊರಾಕೊದ ದೊರೆ ಎರಡನೆಯ ಹಸನ್ ಹಾಗೂ ಅಲ್ಜೀರಿಯದ ಅಧ್ಯಕ್ಷ ಷಾದ್ಲಿ ಬೆನ್‌ಜದೀದ್ ಇವರ ತ್ರಿಸದಸ್ಯ ಸಮಿತಿಗೆ ಸಂಧಾನದ ಹೊಣೆಯನ್ನು ವಹಿಸಿತು. ಅರಬ್ ಲೀಗಿನ ದೂತ ಲಖ್ದರ್ ಬ್ರಾಹಿಮಿ ಪಕ್ಷಪಕ್ಷಗಳ ನಡುವೆ ಓಡಾಡಿದರು. 1972ರಲ್ಲಿ ಚುನಾಯಿತವಾಗಿದ್ದ ಸಂಸತ್ತಿನ ಸದಸ್ಯರಲ್ಲಿ 62 ಮಂದಿ ಸೌದಿ ಅರೇಬಿಯದ ಗಿರಿನಗರಿ ತಾಯಿಫ್‌ನಲ್ಲಿ ಕಲೆತು, ಅಕ್ಟೋಬರ್ 22ರಂದು ಒಪ್ಪಂದಕ್ಕೆ ಬಂದರು. ನವೆಂಬರ್ 5ರಂದು ಸಂಸತ್ತು ಅದನ್ನು ಅಂಗೀಕರಿಸಿ, ರೆನೆ ಮುಅವ್ವದ್ ಅವರನ್ನು ಅಧ್ಯಕ್ಷರನ್ನಾಗಿ ಆರಿಸಿತು. ಹದಿನೇಳೇ ದಿನಗಳಲ್ಲಿ ಅವರ ಹತ್ಯೆಯಾಯಿತು. ಒಪ್ಪಂದವು ಮಾತ್ರ ಉಳಿಯಿತು.

ಮೊದಲು ಅದರ ಗುಣಪಕ್ಷವನ್ನು ಹೇಳಬೇಕು. ಲೆಬನಾನಿನ ಕ್ರೈಸ್ತರಲ್ಲಿ ಅನೇಕರಿಗೆ ತಮ್ಮ ನಾಡು ವಿಶಾಲ ಅರಬ್ ರಾಜ್ಯದಲ್ಲಿ ಕರಗಿಹೋದೀತೆಂಬ ಭಯವಿತ್ತು. ಮುಸಲ್ಮಾನರಲ್ಲಿ ಅನೇಕರಿಗೆ ನಾಡು ಅರಬ್ ಬಳಗದಿಂದ ಕಡಿದುಹೋದೀತೆಂಬ ಭಯವಿತ್ತು. ಒಪ್ಪಂದದ ಪೀಠಿಕೆಯು ಲೆಬನಾನ್ ತನ್ನ ಎಲ್ಲ ಮಕ್ಕಳಿಗೂ ಅಂತಿಮ ತಾಯ್ನಾಡು ಎಂದು ಸಾರುತ್ತದೆ, ಅದರ ಜೊತೆಯಲ್ಲೇ ಅದು ಅಸ್ಮಿತೆಯಲ್ಲಿ ಅರಬ್ ದೇಶವೆಂದೂ ಸಾರುತ್ತದೆ. ಒಂದು ನಯದಿಂದ ಇದು, ಇನ್ನೊಂದು ನಯದಿಂದ ಅದು. ಅನೇಕಾಂತವನ್ನು ಬಲ್ಲವರಿಗೆ ಈ ರೀತಿ ಅಪರಿಚಿತವಲ್ಲ. ಎರಡು ಭಯಗಳಲ್ಲಿ ಯಾವುದೊಂದನ್ನೂ ಸುಳ್ಳೆನ್ನದೆ ಎರಡಕ್ಕೂ ಸ್ಥಳ ಕೊಟ್ಟದ್ದು ಆ ಸಂಧಾನಕಾರರ ನಿಜವಾದ ಸಾಧನೆ. ಹಾಗೆಯೇ 1943ರ ಅಲಿಖಿತ ಒಡಂಬಡಿಕೆಯಿಂದ ನಡೆದುಬಂದಿದ್ದ ಆರಕ್ಕೆ ಐದರ ಕ್ರೈಸ್ತ-ಮುಸ್ಲಿಂ ಸ್ಥಾನಪ್ರಮಾಣವನ್ನು ಸಮಸಮವಾಗಿಸಿ, ಸಂಸತ್ತಿನ ಸ್ಥಾನಗಳನ್ನು 99ರಿಂದ 108ಕ್ಕೆ ಏರಿಸಿದರು. ಒಬ್ಬರಿಂದ ಕಸಿದುಕೊಳ್ಳುವ ಬದಲು ಸ್ಥಾನಗಳನ್ನೇ ಹೆಚ್ಚಿಸಿ ಹಂಚಿದ್ದು ವ್ಯವಹಾರವಿವೇಕ.

ಈ 108 ಎಂಬ ಸಂಖ್ಯೆ ಆಕಸ್ಮಿಕವೇ ಸರಿ, ಆದರೂ ಜೈನ ಓದುಗನಿಗೆ ಅದು ಬೇರೊಂದನ್ನು ನೆನಪಿಗೆ ತರುತ್ತದೆ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಜೀವಾಧಿಕರಣ ಆಸ್ರವದ ಭೇದಗಳನ್ನು ಎಣಿಸುವುದೂ 108 ಎಂದೇ. ಸಂರಂಭ, ಸಮಾರಂಭ, ಆರಂಭಗಳೆಂಬ ಮೂರು, ಮನೋವಾಕ್ಕಾಯಗಳೆಂಬ ಮೂರು, ಕೃತ, ಕಾರಿತ, ಅನುಮತಗಳೆಂಬ ಮೂರು, ಕ್ರೋಧ, ಮಾನ, ಮಾಯಾ, ಲೋಭಗಳೆಂಬ ನಾಲ್ಕು ಕಷಾಯಗಳು. ಇವುಗಳ ಗುಣಾಕಾರವೇ ಆ ಸಂಖ್ಯೆ. ಹಿಂಸೆಯನ್ನು ಮಾಡಿದವನು, ಮಾಡಿಸಿದವನು, ಮಾಡಿದ್ದನ್ನು ಮೆಚ್ಚಿದವನು ಮೂವರೂ ಕರ್ಮಕ್ಕೆ ಭಾಗಿಗಳೆಂಬುದು ಇದರ ತಾತ್ಪರ್ಯ. ಈ ಮಾನದಂಡದಿಂದ ಅಳೆದಾಗ ಒಪ್ಪಂದದ ಮೊದಲ ಕೊರತೆ ಕಾಣುತ್ತದೆ. ಅದು ಖಾಸಗಿ ಸೇನಾಪಡೆಗಳು ಆರು ತಿಂಗಳೊಳಗೆ ಶಸ್ತ್ರಗಳನ್ನು ಸರ್ಕಾರಕ್ಕೆ ಒಪ್ಪಿಸಬೇಕೆಂದಿತು. ಅದು ಕೃತದ ಮಾತು. ಶಸ್ತ್ರಗಳನ್ನು ಒದಗಿಸಿದ ಹೊರರಾಷ್ಟ್ರಗಳ ಹೊಣೆಯ ಬಗೆಗೆ, ಅಂದರೆ ಕಾರಿತದ ಬಗೆಗೆ, ಅದು ಮೌನವಾಯಿತು. ಸಿರಿಯದ ಸೇನೆ ಎರಡು ವರ್ಷಗಳಲ್ಲಿ ಬಿಕಾ ಕಣಿವೆಯತ್ತ ಸರಿಯಬೇಕೆಂದು ಬರೆಯಿತಾದರೂ ಸಂಪೂರ್ಣ ನಿರ್ಗಮನಕ್ಕೆ ದಿನ ಗೊತ್ತುಮಾಡಲಿಲ್ಲ. ಆ ಸೇನೆ ಹೊರಟದ್ದು 2005ರ ಏಪ್ರಿಲ್‌ನಲ್ಲಿ. ದಕ್ಷಿಣದಲ್ಲಿ ಇಸ್ರೇಲಿನ ಆಕ್ರಮಣದ ವಿರುದ್ಧ ಪ್ರತಿರೋಧವೆಂಬ ಕಾರಣದಿಂದ ಹಿಜ್ಬುಲ್ಲಾ ಪಡೆಯ ಶಸ್ತ್ರಗಳು ಉಳಿದವು. ಇಸ್ರೇಲ್ 2000ದಲ್ಲಿ ಹಿಂದೆ ಸರಿದ ಮೇಲೂ ಅವು ಉಳಿದವು. ಶಸ್ತ್ರಗಳೆಲ್ಲ ಸರ್ಕಾರದ ಕೈಯಲ್ಲೇ ಇರುವಂತೆ ಯೋಜನೆ ರೂಪಿಸಬೇಕೆಂದು ಲೆಬನಾನಿನ ಮಂತ್ರಿಮಂಡಲವು ಸೇನೆಗೆ 2025ರ ಆಗಸ್ಟ್‌ನಲ್ಲಿ ಮತ್ತೆ ಹೇಳಬೇಕಾಯಿತು. ಆರು ತಿಂಗಳ ವಾಯಿದೆ ಮೂರೂವರೆ ದಶಕ ದಾಟಿತ್ತು.

ಎರಡನೆಯ ಕೊರತೆ ಇನ್ನೂ ಗಹನವಾದುದು. ಯುದ್ಧದಲ್ಲಿ ಅಪಹೃತರಾಗಿ ಮರಳಿ ಬಾರದವರು ಸುಮಾರು 17,000 ಮಂದಿ ಎಂಬುದು ರೂಢಿಯ ಎಣಿಕೆ. ನಿರ್ವಸಿತರು ತಮ್ಮ ಊರುಗಳಿಗೆ ಮರಳುವ ಹಕ್ಕನ್ನು ಒಪ್ಪಂದವು ಉಲ್ಲೇಖಿಸುತ್ತದೆ. ಕಾಣೆಯಾದವರ ಮಾತನ್ನು ಎತ್ತುವುದಿಲ್ಲ. ನಡೆದುದನ್ನು ವಿಚಾರಿಸುವ ಏರ್ಪಾಟನ್ನೂ ಮಾಡುವುದಿಲ್ಲ. ಮುಂದೆ 1991ರ ಆಗಸ್ಟ್ 26ರಂದು ಬಂದ ಕ್ಷಮಾದಾನದ ಕಾನೂನು ಈ ಮೌನವನ್ನು ಪೂರ್ಣಗೊಳಿಸಿತು. ಆ ವರ್ಷದ ಮಾರ್ಚ್ 28ಕ್ಕೆ ಮೊದಲು ನಡೆದ ಯುದ್ಧಾಪರಾಧಗಳನ್ನು ಅದು ಮನ್ನಿಸಿತು. ಆದರೆ ರಾಜಕೀಯ ಮತ್ತು ಧಾರ್ಮಿಕ ನಾಯಕರ, ರಾಯಭಾರಿಗಳ ಹತ್ಯೆಯನ್ನು ಮನ್ನಿಸಲಿಲ್ಲ. ಸಾಮಾನ್ಯನ ಪ್ರಾಣಕ್ಕೊಂದು ಬೆಲೆ, ನಾಯಕನ ಪ್ರಾಣಕ್ಕೊಂದು ಬೆಲೆ ಎಂದು ಕಾನೂನೇ ಹೇಳಿದಂತಾಯಿತು. ಪಡೆಗಳನ್ನು ನಡೆಸಿದವರು ಮಂತ್ರಿಗಳಾದರು; ಕಾಣೆಯಾದವರ ತಾಯಂದಿರು ಭಾವಚಿತ್ರ ಹಿಡಿದು ಬೀದಿಯಲ್ಲಿ ನಿಂತರು.

ಜೈನಾಚಾರದಲ್ಲಿ ಪ್ರಾಯಶ್ಚಿತ್ತದ ಒಂಬತ್ತು ಭೇದಗಳಲ್ಲಿ ಮೊದಲನೆಯದು ಆಲೋಚನಾ, ಅಂದರೆ ದೋಷವನ್ನು ಮರೆಮಾಚದೆ ಗುರುವಿನ ಮುಂದೆ ನುಡಿಯುವುದು. ಪ್ರತಿಕ್ರಮಣ ಅದರ ನಂತರದ್ದು. ಈ ಕ್ರಮ ನಿಷ್ಕಾರಣವಲ್ಲ. ನುಡಿಯದ ದೋಷದಿಂದ ಹಿಂದಿರುಗುವ ದಾರಿಯಿಲ್ಲ. ಇದನ್ನು ವ್ಯಾಪಾರಸ್ಥರು ತಮ್ಮ ಖಾತೆಯಿಂದಲೇ ಬಲ್ಲರು. ವಸೂಲಾಗದ ಬಾಕಿಯನ್ನು ಉದಾರಿಯಾದ ಸಾಹುಕಾರ ಬಿಟ್ಟುಕೊಡಬಹುದು. ಆದರೆ ಯಾರ ಬಾಕಿ, ಎಷ್ಟು ಎಂಬುದನ್ನು ಬರೆದ ಮೇಲೆಯೇ ಅದನ್ನು ವಜಾ ಮಾಡುತ್ತಾನೆ. ಪುಟವನ್ನೇ ಹರಿದೆಸೆಯುವುದು ಔದಾರ್ಯವಲ್ಲ, ಲೆಕ್ಕವನ್ನು ಕೆಡಿಸುವುದು. ಮೇಲಾಗಿ ಬಾಕಿ ಯಾರಿಗೆ ಸಲ್ಲಬೇಕೋ ಅವರೇ ಅದನ್ನು ಬಿಡಬೇಕು. ಇಲ್ಲಿ ಮನ್ನಿಸಿದವರು ನೊಂದವರಲ್ಲ, ಸಂಸತ್ತು.

ಪರಧರ್ಮೀಯರ ಒಪ್ಪಂದವನ್ನು ಜೈನ ಮಾನದಂಡದಿಂದ ಅಳೆಯುವುದು ನ್ಯಾಯವೇ ಎಂದು ಕೆಲವರು ಕೇಳಬಹುದು. ಆದರೆ ಅರಬರ ಗ್ರಾಮಸಂಪ್ರದಾಯವೂ ಇದನ್ನೇ ಹೇಳುತ್ತದೆ. ಕೊಲೆಯಾದಾಗ ಹಿರಿಯರ ನಿಯೋಗವು ನಡುವೆ ನಿಂತು ಮೊದಲು ತಾತ್ಕಾಲಿಕ ಯುದ್ಧವಿರಾಮವನ್ನು, ಅಂದರೆ ಹುದ್ನಾವನ್ನು, ಏರ್ಪಡಿಸುತ್ತದೆ. ಬಳಿಕ ಅಪರಾಧಿಯ ಮನೆತನ ತಪ್ಪೊಪ್ಪಿಕೊಂಡು ಪರಿಹಾರ ತೆತ್ತು, ಎರಡೂ ಕಡೆಯವರು ಕೈ ಕುಲುಕಿ ಒಟ್ಟಿಗೆ ಉಂಡಾಗ ಸುಲ್ಹ, ಅಂದರೆ ರಾಜಿ, ಸಿದ್ಧಿಸುತ್ತದೆ. ತಾಯಿಫ್ ಒಪ್ಪಂದವು ಹುದ್ನಾವನ್ನು ಸಾಧಿಸಿ ಅದಕ್ಕೆ ಸಾಮರಸ್ಯವೆಂದು ಹೆಸರಿಟ್ಟಿತು.

ಇದಕ್ಕೊಂದು ಬಲವಾದ ಆಕ್ಷೇಪವಿದೆ. ಅಂದು ಸತ್ಯವನ್ನೇ ಮೊದಲು ಕೇಳಿದ್ದರೆ ಶಸ್ತ್ರ ಹಿಡಿದವರಾರೂ ಒಪ್ಪುತ್ತಿರಲಿಲ್ಲ, ಇನ್ನಷ್ಟು ಜೀವಗಳು ಹೋಗುತ್ತಿದ್ದವು ಎಂಬುದು. ಇದು ಅಲ್ಲಗಳೆಯಲಾಗದ ಮಾತು. ಇದಕ್ಕೆ ಉತ್ತರವನ್ನು ಆದಿಪುರಾಣದ ಭರತ-ಬಾಹುಬಲಿಯರ ಕಥೆಯಲ್ಲಿ ಅರಸಬಹುದು. ಎರಡು ಸೇನೆಗಳು ಎದುರಾದಾಗ ಉಭಯ ಪಕ್ಷದ ಮಂತ್ರಿಗಳು ಮಾತಾಡಿಕೊಂಡು, ನಿರಪರಾಧಿ ಭಟರ ಸಂಹಾರವನ್ನು ತಡೆದು, ದೃಷ್ಟಿ, ಜಲ, ಮಲ್ಲಯುದ್ಧಗಳಿಗೆ ಒಡೆಯರನ್ನು ಒಪ್ಪಿಸಿದರು. ಅದು ಶ್ರೇಷ್ಠವಾದ ಸಂಧಾನ. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಗೆದ್ದ ಬಾಹುಬಲಿ ಎಲ್ಲವನ್ನೂ ತೊರೆದು ವರ್ಷಕಾಲ ಪ್ರತಿಮಾಯೋಗದಲ್ಲಿ ನಿಂತರೂ, ತನ್ನಿಂದ ಭರತನಿಗೆ ಕ್ಲೇಶವಾಯಿತೆಂಬ ಭಾವ ಅವನ ಹೃದಯದಲ್ಲಿ ಉಳಿದಿತ್ತೆಂದು ಜಿನಸೇನಾಚಾರ್ಯರು ಹೇಳುತ್ತಾರೆ. ಭರತನೇ ಬಂದು ಪೂಜಿಸಿದಾಗ ಕೇವಲಜ್ಞಾನ ಉದಿಸಿತು. ಮಂತ್ರಿಗಳ ಕೆಲಸ ರಕ್ತವನ್ನು ತಡೆಯುವುದು, ಶಲ್ಯವನ್ನು ಕೀಳುವುದು ಸೋದರರ ಕೆಲಸ. ತಾಯಿಫ್‌ನ ಸಂಧಾನಕಾರರು ಮೊದಲನೆಯದನ್ನಷ್ಟೇ ಮಾಡಿದರೆಂಬುದು ದೋಷವಲ್ಲ. ಎರಡನೆಯದಕ್ಕೆ ಬಾಗಿಲನ್ನು ತೆರೆದಿಡಲಿಲ್ಲವೆಂಬುದೇ ದೋಷ.

ಅರಬ್ ಜಗತ್ತಿನಲ್ಲೇ ಆ ಬಾಗಿಲನ್ನು ತಟ್ಟಿದ ನಿದರ್ಶನವಿದೆ. ಸಂಧಾನ ಸಮಿತಿಯಲ್ಲಿದ್ದ ದೊರೆ ಹಸನರ ಆಳ್ವಿಕೆಯಲ್ಲೇ ಮೊರಾಕೊದಲ್ಲಿ ಅನೇಕರು ಸೆರೆಗೂ ಚಿತ್ರಹಿಂಸೆಗೂ ಗುರಿಯಾಗಿದ್ದರು. ಅವರ ಮಗ ಆರನೆಯ ಮೊಹಮ್ಮದ್ 2004ರಲ್ಲಿ ನ್ಯಾಯ ಮತ್ತು ಸಮನ್ವಯ ಆಯೋಗವನ್ನು ಸ್ಥಾಪಿಸಿದರು. ಹಿಂದೆ ಸೆರೆವಾಸ ಅನುಭವಿಸಿದ್ದ ದ್ರಿಸ್ ಬೆನ್‌ಝಿಕ್ರಿ ಅದರ ಅಧ್ಯಕ್ಷರಾದರು. ನೊಂದವರು ಬಹಿರಂಗ ಸಭೆಗಳಲ್ಲಿ ತಮ್ಮ ಕಥೆಯನ್ನು ನುಡಿದರು, ಪರಿಹಾರವೂ ದೊರೆಯಿತು. ಆದರೆ ಪೀಡಿಸಿದವರ ಹೆಸರನ್ನು ಹೇಳಕೂಡದೆಂಬ ನಿಬಂಧನೆಯಿತ್ತು. ಅದು ಅರ್ಧ ಆಲೋಚನೆ, ಆದರೂ ಪೂರ್ಣ ಮೌನಕ್ಕಿಂತ ಮೇಲು. ಲೆಬನಾನಿನಲ್ಲಿಯೂ ಬಂಧುಗಳ ಬಿಡದ ಹೋರಾಟದ ಫಲವಾಗಿ, ಕಾಣೆಯಾದವರ ಗತಿಯನ್ನು ಅರಿಯುವ ಹಕ್ಕನ್ನು ಮಾನ್ಯಮಾಡುವ ಕಾನೂನು 2018ರ ನವೆಂಬರ್‌ನಲ್ಲಿ ಬಂದಿತು. ಅಷ್ಟರಲ್ಲಿ ಎಷ್ಟೋ ತಾಯಂದಿರು ಉತ್ತರ ಕಾಣದೆ ಕಣ್ಮುಚ್ಚಿದ್ದರು.

ಸಂಧಿಯು ಹಿಂಸೆಯ ಆರಂಭವನ್ನು ನಿಲ್ಲಿಸುತ್ತದೆ. ಕ್ಷಮೆಯು ಕಷಾಯವನ್ನು ಶಮನಗೊಳಿಸುತ್ತದೆ. ತಾಯಿಫ್ ಒಪ್ಪಂದವನ್ನು ಮೊದಲನೆಯದಾಗಿ ಗೌರವಿಸಬೇಕು, ಎರಡನೆಯದೆಂದು ಎಣಿಸಬಾರದು. ಈ ಭೇದವು ದೂರದ ಲೆಬನಾನಿಗೆ ಮಾತ್ರ ಸೀಮಿತವಲ್ಲ. ಪ್ರತಿ ಭಾದ್ರಪದದಲ್ಲಿ ಅಚ್ಚುಹಾಕಿಸಿದ ಕ್ಷಮಾವಣಿ ಪತ್ರಗಳು ಪರಿಚಿತರೆಲ್ಲರ ಮನೆಗಳಿಗೆ ಹೋಗುತ್ತವೆ. ಆದರೆ ಪಾಲಿನ ವ್ಯಾಜ್ಯದಿಂದ ಮಾತು ಬಿಟ್ಟ ಅಣ್ಣನ ಮನೆಗೆ, ಲೆಕ್ಕದಲ್ಲಿ ವಂಚಿತನಾದ ಪಾಲುದಾರನ ಅಂಗಡಿಗೆ ಎಷ್ಟು ಮಂದಿ ನಡೆದುಹೋಗಿ ಇಂತಹ ತಪ್ಪು ನಡೆಯಿತೆಂದು ಹೆಸರಿಸಿ ನುಡಿಯುತ್ತಾರೆ? ಎಲ್ಲರಲ್ಲಿಯೂ ಎಲ್ಲದಕ್ಕೂ ಒಟ್ಟಾಗಿ ಬೇಡಿದ ಕ್ಷಮೆಯು 1991ರ ಆ ಕಾನೂನಿಗೆ ಹತ್ತಿರದ್ದು. ಒಬ್ಬನ ಮುಂದೆ ನಿಂತು ಒಂದು ದೋಷಕ್ಕಾಗಿ ಬೇಡಿದ ಕ್ಷಮೆಯೇ ಉತ್ತಮಕ್ಷಮೆಗೆ ಹತ್ತಿರದ್ದು.