ಮುನ್ನೂರರ ಸ್ಪೀಡು, ಚನ್ನಗಿರಿ ಬಸ್ಸು

ಯೂರೋಪಿನ ರೈಲುಗಳ ಬಗ್ಗೆ ಕನ್ನಡದಲ್ಲಿ ಬಂದಿರೋ ವಿಡಿಯೊಗಳಲ್ಲಿ ನಾನು ನೋಡದೇ ಬಿಟ್ಟಿರೋದು ಕಮ್ಮಿ. ಆಫೀಸಿನವರು ಒಂದು ವಾರ ಪ್ಯಾರಿಸ್‌ಗೆ ಕಳಿಸ್ತೀವಿ ಅಂದಮೇಲಂತೂ ಊಟಕ್ಕೆ ಕೂತಾಗಲೂ ಅದೇ. ಕೆಲಸ ಮುಗಿಸಿ, ಎರಡು ದಿನ ರಜೆ ಹಾಕಿ, ಅಲ್ಲಿಂದ ಜ್ಯೂರಿಕ್‌ಗೆ ಹೈಸ್ಪೀಡ್ ರೈಲಲ್ಲಿ ಹೋಗಬೇಕು ಅನ್ನೋದು ನನ್ನ ಪ್ಲಾನು.

ಹತ್ತು ವಿಡಿಯೊ ನೋಡಿದ ಮೇಲೆ ಗೊತ್ತಾಯ್ತು, ಇರೋದು ಒಂದೇ ವಿಡಿಯೊ. ಸ್ಟೇಷನ್ನಿನ ಎತ್ತರದ ಚಾವಣಿ, ಒಂದು ಕಾಫಿ ಕಪ್, ಕಿಟಕಿ ಪಕ್ಕದ ಸೀಟು. ಆಮೇಲೆ ಫೋನಿನಲ್ಲಿ ಸ್ಪೀಡ್ ಏರೋದು: 280, 295, 'ನೋಡಿ ಫ್ರೆಂಡ್ಸ್, ಮುನ್ನೂರು!' ಅಲ್ಲಿಗೆ ಕಥೆ ಮುಗೀತು. ಬೈಯೋಕೆ ಮುಂಚೆ ಒಂದು ಮಾತು ಹೇಳಲೇಬೇಕು. ಹಳ್ಳಿಯಿಂದ ಬಂದ ನನ್ನಂಥವರ ಎದೆಯಲ್ಲಿದ್ದ ಒಂದು ಅಳುಕನ್ನು ಈ ಹುಡುಗರು ತೆಗೆದಿದ್ದಾರೆ. ಕೋಚ್ ಹುಡುಕೋದು ಹೇಗೆ, ಲಗೇಜ್ ಎಲ್ಲಿಡಬೇಕು ಅಂತ ನಮ್ಮ ಭಾಷೆಯಲ್ಲೇ ತೋರಿಸಿದ್ದಾರೆ. ದೊಡ್ಡ ಸಾಹಿತಿಗಳ ಪ್ರವಾಸ ಕಥನ ಓದಿದಾಗ ನನಗೆ ಆ ಧೈರ್ಯ ಬಂದಿರಲಿಲ್ಲ.

ಆದರೆ ಪ್ಲಾನ್ ಮಾಡೋಕೆ ಕೂತರೆ ಆ ವಿಡಿಯೊಗಳು ಕೈಕೊಡ್ತವೆ. ಪ್ಯಾರಿಸ್ಸಿಗೆ 'ಸಿಟಿ ರೈಲ್ವೆ ಸ್ಟೇಷನ್' ಅಂತ ಒಂದಿಲ್ಲ. ಲಂಡನ್, ಆಮ್‌ಸ್ಟರ್‌ಡ್ಯಾಮ್ ಕಡೆಯ ರೈಲು ಗಾರ್ ದು ನಾರ್‌ನಿಂದ, ಜ್ಯೂರಿಕ್ ರೈಲು ಗಾರ್ ದ ಲಿಯೋನ್‌ನಿಂದ ಹೊರಡುತ್ತೆ. ಸೀಟ್ ರಿಸರ್ವ್ ಮಾಡಲೇಬೇಕು. ದಿನ ಹತ್ತಿರ ಬಂದಷ್ಟೂ ಟಿಕೆಟ್ ದರ ವಿಮಾನದ ಥರ ಏರುತ್ತೆ. ಮುಖ್ಯವಾದ ಇನ್ನೊಂದು ಸಂಗತಿ: ಆ ದೊಡ್ಡ ಸ್ಪೀಡು ಇಡೀ ದಾರಿಗೆ ಇಲ್ಲ. ಫ್ರಾನ್ಸಿನ ಹೊಸ ಹಳಿಯ ಮೇಲೆ ಮಾತ್ರ 300, 320. ಬಾಸೆಲ್‌ನಲ್ಲಿ ಸ್ವಿಟ್ಜರ್ಲೆಂಡಿಗೆ ಕಾಲಿಟ್ಟಮೇಲೆ ಅದು ಎಲ್ಲ ರೈಲುಗಳ ಜೊತೆ ಸಾಮಾನ್ಯ ರೈಲಿನ ಹಾಗೇ ಹೋಗುತ್ತೆ. ಒಟ್ಟು ಸುಮಾರು ನಾಲ್ಕು ತಾಸು.

ಜ್ಯೂರಿಕ್‌ನಿಂದ ಒಂದು ಹಳ್ಳಿಗೆ ಹೋಗೋದಿತ್ತು. ಆ್ಯಪ್ ಒಂದು ರೈಲು ತೋರಿಸಿ, ಆಮೇಲೆ ಹಳದಿ ಬಣ್ಣದ ಪೋಸ್ಟ್ ಬಸ್ಸು ತೋರಿಸ್ತು. ನಡುವೆ ಇದ್ದದ್ದು ಆರು ನಿಮಿಷ. ನಾನು ನಮ್ಮೂರ ಬುದ್ಧಿ ಬಿಡದೆ, ಯಾಕೆ ಬೇಕು ರಿಸ್ಕು ಅಂತ ಒಂದು ತಾಸು ಮುಂಚಿನ ರೈಲೇ ಹಿಡಿದೆ. ಇಳಿದು ನೋಡಿದರೆ ಬಸ್ಸು ರೈಲಿಗಾಗಿಯೇ ನಿಂತಿತ್ತು. ನಾನು ದಂಡವಾಗಿ ಒಂದು ತಾಸು ಮುಂಚೆ ಹೋಗಿ ಚಳಿಯಲ್ಲಿ ಕೈ ಉಜ್ಜಿಕೊಂಡು ಕೂತೆ.

ಇದು ಆಕಸ್ಮಿಕ ಅಲ್ಲ. ಸ್ವಿಸ್ ಜನ 1987ರಲ್ಲಿ ವೋಟ್ ಹಾಕಿ 'ಬಾನ್ 2000' ಅನ್ನೋ ಯೋಜನೆ ಒಪ್ಪಿಕೊಂಡರು. ಸಾಧ್ಯವಾದಷ್ಟು ವೇಗ ಬೇಡ, ಬೇಕಾದಷ್ಟು ವೇಗ ಸಾಕು ಅನ್ನೋದು ಅದರ ತಿರುಳು. ಜ್ಯೂರಿಕ್–ಬರ್ನ್ ನಡುವೆ ಒಂದು ತಾಸಿಗಿಂತ ಸ್ವಲ್ಪ ಹೆಚ್ಚು ಹಿಡೀತಿತ್ತು. ಅದನ್ನು ತಾಸಿನೊಳಗೆ ತರೋದಕ್ಕೇ ಸುಮಾರು 45 ಕಿ.ಮೀ. ಹೊಸ ಹಳಿ ಹಾಕಿ, 2004ರ ಡಿಸೆಂಬರಿನಲ್ಲಿ ಓಡಿಸೋಕೆ ಶುರು ಮಾಡಿದರು. ಅದರ ಸ್ಪೀಡ್ 200 ಅಷ್ಟೇ. ತಾಸಿನೊಳಗೆ ಬಂದರೆ ಎಲ್ಲ ರೈಲುಗಳೂ ಒಂದೇ ಹೊತ್ತಿಗೆ ಸ್ಟೇಷನ್ನಿಗೆ ಬಂದು ಸೇರ್ತವೆ, ಜನ ಇದರಿಂದ ಇಳಿದು ಅದಕ್ಕೆ ಹತ್ತುತ್ತಾರೆ. ಮೊದಲು ಟೈಮ್‌ಟೇಬಲ್ ಬರೆದು, ಅದಕ್ಕೆ ತಕ್ಕ ಹಳಿ ಹಾಕಿದರು. ಸಾಫ್ಟ್‌ವೇರಿನವನಾಗಿ ನನಗೆ ಇದು ಮುನ್ನೂರರ ಸ್ಪೀಡಿಗಿಂತ ದೊಡ್ಡ ಇಂಜಿನಿಯರಿಂಗ್ ಅನ್ನಿಸ್ತು. ಇದರ ಬಗ್ಗೆ ನಾನು ನೋಡಿದ ಯಾವ ವಿಡಿಯೊದಲ್ಲೂ ಒಂದು ಸಾಲಿಲ್ಲ.

ಇನ್ನು ನಮ್ಮದು. 2023ರ ಜೂನ್ 27ಕ್ಕೆ ಬೆಂಗಳೂರು–ಧಾರವಾಡ ವಂದೇ ಭಾರತ್ ಶುರುವಾಯ್ತು. ಭೋಪಾಲದಲ್ಲಿ ಬಾವುಟ ತೋರಿಸಿದರೆ ನಮ್ಮ ದಾವಣಗೆರೆ ಸ್ಟೇಷನ್ನಿನ ವಿಡಿಯೊಗಳು ಫೋನ್ ತುಂಬಾ. ಅದೇ ಫಾರ್ಮ್ಯಾಟು: ಬಾಗಿಲು, ಸೀಟು, ತಿಂಡಿ, ಸ್ಪೀಡು. ಯೂರೋಪಿನ ಲೆಕ್ಕದಲ್ಲಿ ಹೊಸ ಹಳಿಗೆ 250 ಇದ್ದರೆ ಮಾತ್ರ ಹೈಸ್ಪೀಡು. ನಮ್ಮ ಈ ಹಳಿಯಲ್ಲಿ 110. ಆದರೂ ನಾನು ಈ ರೈಲನ್ನು ಹೀಗಳೆಯಲ್ಲ. ಬೆಳಗ್ಗೆ 5:45ಕ್ಕೆ ಮೆಜೆಸ್ಟಿಕ್ ಬಿಟ್ಟರೆ ಒಂಬತ್ತೂಕಾಲರ ಹೊತ್ತಿಗೆ ದಾವಣಗೆರೆ. ಕಾರಲ್ಲೂ ಅಷ್ಟು ಬೇಗ ಆಗಲ್ಲ.

ಆದರೆ ನಮ್ಮೂರು ದಾವಣಗೆರೆ ಅಲ್ಲ. ಚನ್ನಗಿರಿ ದಾಟಿ ಒಳಗೆ, ಅಡಿಕೆ ತೋಟಗಳ ನಡುವೆ. ಮೊದಲ ಸಲ ವಂದೇ ಭಾರತ್‌ನಲ್ಲಿ ಊರಿಗೆ ಹೋದಾಗ ಸ್ಟೇಷನ್ನಿನಿಂದ ಬಸ್ ಸ್ಟ್ಯಾಂಡು, ಅಲ್ಲಿಂದ ಚನ್ನಗಿರಿ, ಅಲ್ಲಿ ಕಾದು ಕಾದು ಹಳ್ಳಿ ಬಸ್ಸು. ಮನೆ ಮುಟ್ಟಿದಾಗ ಒಂದು ಗಂಟೆ ದಾಟಿತ್ತು. ಬೆಂಗಳೂರಿಂದ ದಾವಣಗೆರೆಗೆ ಹಿಡಿದಷ್ಟೇ ಹೊತ್ತು ದಾವಣಗೆರೆಯಿಂದ ಮನೆಗೂ ಹಿಡಿದಿತ್ತು. ನನ್ನೊಬ್ಬನ ಕಥೆ ಅಲ್ಲ ಇದು. ಜಿಲ್ಲೆಯ ಆರು ತಾಲ್ಲೂಕಿನಲ್ಲಿ ದಾವಣಗೆರೆ, ಹರಿಹರ ಬಿಟ್ಟರೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಯಾವ ಊರಿಗೂ ರೈಲಿಲ್ಲ. ನ್ಯಾಮತಿಯವರು ಶಿವಮೊಗ್ಗಕ್ಕೆ ಓಡ್ತಾರೆ, ಜಗಳೂರಿನವರು ದಾವಣಗೆರೆಗೋ ಚಿತ್ರದುರ್ಗಕ್ಕೋ. ಶಿವಮೊಗ್ಗ–ಹರಿಹರ ಮಾರ್ಗ ಬರುತ್ತೆ ಅನ್ನೋ ಮಾತನ್ನ ನಾನು ಹೈಸ್ಕೂಲಿನಿಂದ ಕೇಳ್ತಾ ಇದೀನಿ. ತುಮಕೂರು–ಚಿತ್ರದುರ್ಗ–ದಾವಣಗೆರೆ ಹೊಸ ಹಳಿ ಮುಗಿದರೆ ಅರಸೀಕೆರೆ ಸುತ್ತೋದು ತಪ್ಪುತ್ತೆ, ಒಳ್ಳೇದೇ. ಅದೂ ಈ ನಾಲ್ಕರಲ್ಲಿ ಒಂದೂರನ್ನೂ ಮುಟ್ಟಲ್ಲ.

ಹಳಿ ಎಲ್ಲಾ ಕಡೆ ಹಾಕೋಕಾಗಲ್ಲ, ಒಪ್ಪುತ್ತೇನೆ. ನಾನು ಹೋದ ಸ್ವಿಸ್ ಹಳ್ಳಿಗೂ ರೈಲಿರಲಿಲ್ಲ. ಇದ್ದದ್ದು ರೈಲಿನ ಟೈಮ್ ಗೊತ್ತಿರೋ ಬಸ್ಸು. ಒಂಬತ್ತೂವರೆಗೆ ಸ್ಟೇಷನ್ ಬಾಗಿಲಿಂದಲೇ ಚನ್ನಗಿರಿಗೊಂದು, ಹೊನ್ನಾಳಿಗೊಂದು, ಜಗಳೂರಿಗೊಂದು ಬಸ್ ಹೊರಡೋಕೆ ಯಾವ ಬುಲೆಟ್ ಟೆಕ್ನಾಲಜಿಯೂ ಬೇಡ.

ಮೊನ್ನೆ ಅವ್ವನಿಗೆ ಬೆಂಗಳೂರಲ್ಲಿ ಕಣ್ಣು ತೋರಿಸೋದಿತ್ತು. ವಾಪಸ್ ಬರೋ ವಂದೇ ಭಾರತ್ ದಾವಣಗೆರೆಗೆ ಮಧ್ಯಾಹ್ನ ಮೂರೂವರೆ ದಾಟಿ ಬರುತ್ತೆ. ಪ್ಯಾರಿಸ್–ಜ್ಯೂರಿಕ್‌ಗೆ ಮಾಡಿದ್ದ ಶೀಟಿನಲ್ಲೇ ಇನ್ನೊಂದು ಟ್ಯಾಬ್ ತೆಗೆದು ಪ್ಲಾನ್ ಹಾಕಿದೆ: ಹತ್ತಕ್ಕೆ ಮನೆ ಬಿಡೋದು, ಚನ್ನಗಿರಿ, ದಾವಣಗೆರೆ, ಆಟೊ, ಸ್ಟೇಷನ್ನಲ್ಲಿ ಎರಡು ತಾಸು ಕೂರೋದು. ಫೋನಿನಲ್ಲಿ ಎಲ್ಲಾ ವಿವರಿಸಿದೆ.

'ಅಲ್ಲಪ, ಕಣ್ಣು ಕಾಣಲ್ಲ ಅಂತ ತಾನೆ ಬರ್ತಿರೋದು? ಮೂರು ಕಡೆ ಇಳ್ದು ಹತ್ತು ಅಂತೀಯಲ್ಲ' ಅಂದಳು.

'ಮತ್ತೆ ಹೆಂಗವ್ವ?'

'ಚನ್ನಗಿರಿ ರಾತ್ರಿ ಬಸ್ಸೈತಲ್ಲ. ಕಂಡಕ್ಟ್ರಿಗೆ ಹೇಳಿ ಕೂತ್ರೆ ಬೆಳಗಾಗದ್ರಲ್ಲಿ ಬೆಂಗ್ಳೂರು. ನೀನು ಸ್ಟ್ಯಾಂಡಿಗೆ ಬಾ, ಸಾಕು.'

ವಂದೇ ಭಾರತ್ ಟಿಕೆಟ್ ಕ್ಯಾನ್ಸಲ್ ಮಾಡಿದೆ. ಬೆಳಗಿನ ಜಾವ ಬಸ್ಸಿಂದ ಇಳಿದಾಗ ಅವಳ ಕೈಯಲ್ಲಿ ಒಂದು ಚೀಲ ಚಕ್ಕುಲಿ ಇತ್ತು, ಪಕ್ಕದ ಸೀಟಿನಲ್ಲಿ ಕೂತು ಬಂದ ಹೆಂಗಸಿನ ಮೂವರು ಮಕ್ಕಳ ಪೂರ್ತಿ ಜಾತಕ ಗೊತ್ತಿತ್ತು.