ಎಳೆ ಎಣಿಸುವ ಕಲೆ

ಕಸೂತಿಯ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಒಂದೇ ಮಾತಿನಿಂದ ಹೊರಡುತ್ತಾರೆ: ಧಾರವಾಡ ಸೀಮೆಯ ಹೆಣ್ಣುಮಕ್ಕಳು ತಮ್ಮ ಸುತ್ತ ಕಂಡದ್ದನ್ನೆಲ್ಲ ಸೀರೆಗೆ ಇಳಿಸಿದರು. ತೇರು, ಗೋಪುರ, ತುಳಸಿಕಟ್ಟೆ, ತೊಟ್ಟಿಲು, ಆನೆ, ನವಿಲು... ಪಟ್ಟಿಯೇನೂ ಸುಳ್ಳಲ್ಲ. ಆದರೆ ಕಂಡದ್ದೇ ಸ್ಫೂರ್ತಿಯಾದರೆ, ಅದೇ ತೇರನ್ನು ಕಂಡ ಬಡಗಿಯೂ ರಂಗೋಲಿ ಹಾಕುವವಳೂ ಬೇರೆಯದೇ ರೂಪ ಕೊಟ್ಟದ್ದೇಕೆ? ಕಸೂತಿಯ ಚೆಲುವು ಕಣ್ಣಿಗೆ ಬಿದ್ದ ವಸ್ತುವಿಗಿಂತ ಬಟ್ಟೆಯ ಹಾಸುಹೊಕ್ಕಿನ ಲೆಕ್ಕಕ್ಕೆ ಹೆಚ್ಚು ಋಣಿ ಎಂದು ನನಗನ್ನಿಸುತ್ತದೆ.

ಇಲ್ಲಿ ಬಟ್ಟೆಯ ಮೇಲೆ ಮೊದಲೇ ಗೆರೆ ಬರೆದುಕೊಳ್ಳುವ ರೂಢಿಯಿಲ್ಲ. ಎಳೆ ಎಣಿಸುತ್ತ ಸೂಜಿ ಸಾಗುತ್ತದೆ. ಗವಂತಿ ಎಂಬ ಹೊಲಿಗೆಯಲ್ಲಿ ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ ಬೀಳುತ್ತದೆ, ಬರುವಾಗ ಬಿಟ್ಟ ಜಾಗ ತುಂಬುತ್ತದೆ. ಗಂಟು ಹಾಕುವಂತಿಲ್ಲ. ಹಾಗಾಗಿ ಸೆರಗಿನ ಒಳಮೈ ಹೊರಮೈ ಒಂದೇ. ಮುರಗಿಯದೂ ಇದೇ ನಡೆ, ಆದರೆ ಮೆಟ್ಟಿಲು ಮೆಟ್ಟಿಲಾಗಿ. (ಮೈ ತುಂಬುವ ನೇಗಿ, ಮೆಂತಿ ಹೊಲಿಗೆಗಳಿಗೆ ಒಳಮೈ ಹೊರಮೈ ಒಂದೇ ಆಗಬೇಕೆಂಬ ಕಟ್ಟುಪಾಡಿಲ್ಲ.) ಅಡ್ಡ, ಉದ್ದ, ಓರೆ ಬಿಟ್ಟರೆ ಬೇರೆ ದಿಕ್ಕಿಲ್ಲದ್ದರಿಂದ ಬಾಗಿದ ಗೆರೆಯೆಂಬುದೇ ಸಾಧ್ಯವಿಲ್ಲ. ತೇರಿನ ಗಾಲಿ ಕೋನಕೋನವಾಗುತ್ತದೆ, ಆನೆಯ ಬೆನ್ನು ಮೆಟ್ಟಿಲಾಗುತ್ತದೆ, ನವಿಲಿನ ಕತ್ತು ಓರೆಯಾಗಿ ಮುರಿಯುತ್ತದೆ. ಹೊರಟ ಸೂಜಿ ಹೊರಟಲ್ಲಿಗೇ ಮರಳಬೇಕಾದ್ದರಿಂದ ಪ್ರತಿ ಚಿತ್ರಕ್ಕೂ ಹೋಗಿಬರುವ ದಾರಿಯೊಂದನ್ನು ಮೊದಲೇ ಮನಸ್ಸಿನಲ್ಲಿ ಹೂಡಿಕೊಳ್ಳಬೇಕು. ಗೋಪುರ ಇಲ್ಲಿ ಇಷ್ಟು ಚೆನ್ನಾಗಿ ಕೂಡಿಬಂದದ್ದು ಭಕ್ತಿಯಿಂದಷ್ಟೇ ಅಲ್ಲ. ಹಂತಹಂತವಾಗಿ ಕಿರಿದಾಗುವ ಅದರ ಮೈಕಟ್ಟು ಮುರಗಿಗೆ ಹೇಳಿ ಮಾಡಿಸಿದಂತಿದೆ.

ಈಗ ಕಸೂತಿ ಇಳಕಲ್ ಸೀರೆಯಿಂದ ಕುಶನ್ ಕವರ್, ಪರದೆ, ಮೇಜುಹಾಸುಗಳಿಗೆ ಹರಡಿದೆ. ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿದೆ. ಎಳೆ ಎಣಿಸಲಾಗದ ನುಣುಪು ಬಟ್ಟೆಯ ಮೇಲೆ ಜಾಳುಬಟ್ಟೆ ಇಟ್ಟು ಹೊಲಿದು, ಆಮೇಲೆ ಅದರ ಎಳೆಗಳನ್ನು ಕಿತ್ತು ತೆಗೆಯುವುದುಂಟು. ಅದಕ್ಕೆ ನನ್ನ ತಕರಾರಿಲ್ಲ, ಲೆಕ್ಕ ಅಲ್ಲಿಯೂ ಉಳಿದಿದೆ. ತಕರಾರಿರುವುದು ತೇರಿನ ಚಿತ್ರವನ್ನು ಬಟ್ಟೆಗೆ ಅಚ್ಚೊತ್ತಿ ಕಸೂತಿಯೆಂದು ಮಾರುವುದಕ್ಕೆ. ಅಲ್ಲಿ ಕೋನಕೋನದ ಗಾಲಿಗೆ ಕಾರಣವೇ ಇಲ್ಲ. ದುಂಡಗೆ ಮುದ್ರಿಸಲು ಬರುವಾಗಲೂ ಕೋನವಾಗಿ ಮುದ್ರಿಸುವುದು ಬರಿಯ ವೇಷ.

ಇದು ಉಳ್ಳವರ ಮಡಿವಂತಿಕೆ ಎನ್ನಬಹುದು: ಕೈಕಸೂತಿಗೆ ದಿನಗಟ್ಟಲೆ ಕಣ್ಣು ಸವೆಯುತ್ತದೆ, ಅದಕ್ಕೆ ತಕ್ಕ ಕೂಲಿ ಸಿಗುವುದು ಅಪರೂಪ, ಅಗ್ಗದ ಅಚ್ಚು ಹತ್ತು ಮನೆಗಳಿಗೆ ಮುಟ್ಟುತ್ತದೆ. ಕೂಲಿಯ ಮಾತು ನಿಜ, ಭಾರವಾದ ಮಾತೂ ಹೌದು. ಆದರೆ ಅಚ್ಚು ಅಗ್ಗವಾದದ್ದು ಕಸೂತಿಯವಳನ್ನು ಕೈಬಿಟ್ಟು. ಅವಳ ಕೂಲಿಯ ಪ್ರಶ್ನೆಗೆ ಅದು ಉತ್ತರವಾಗಲಾರದು. ಅಗ್ಗದ ಅಲಂಕಾರವೇ ಬೇಕೆಂದರೆ ಇದೇ ಉತ್ತರ ಕರ್ನಾಟಕದಲ್ಲಿ ಕೌದಿ ಇದೆ. ಹಳೆ ಸೀರೆ ಪಂಚೆಗಳ ತುಂಡು ಜೋಡಿಸಿ ಸಾಲುಸಾಲಾಗಿ ಹೊಲಿದ ಅದರ ಬಣ್ಣಗಾರಿಕೆ ಮನೆಯಲ್ಲಿ ಉಳಿದ ಬಟ್ಟೆಯಿಂದಲೇ ಹುಟ್ಟುತ್ತದೆ, ಯಾರ ವೇಷವನ್ನೂ ಹಾಕುವುದಿಲ್ಲ.

ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ: ಲೆಕ್ಕಕ್ಕೆ ಇಷ್ಟು ಅಂಟಿಕೊಂಡರೆ ಕಲೆ ಹಳೆಯ ನವಿಲುಗಳಲ್ಲೇ ನಿಂತುಹೋಗುವುದಿಲ್ಲವೇ? ನಿಂತಿರುವುದು ಕಾಣುತ್ತಲೂ ಇದೆ. ಅದಕ್ಕೆ ಕಾರಣ ಮಾತ್ರ ಲೆಕ್ಕವಲ್ಲ, ಮಾದರಿ ಪುಸ್ತಕ ನೋಡಿ ನಕಲು ಮಾಡುವ ಚಟ. ಗವಂತಿಗೆ ತೇರೂ ಒಂದೇ, ಹುಬ್ಬಳ್ಳಿಯ ಬಸ್ಸೂ ಒಂದೇ. ಕಿಟಕಿಗಳ ಸಾಲು, ನೇರ ಮೈ ಇರುವ ಬಸ್ಸು ನವಿಲಿಗಿಂತ ಸಲೀಸಾಗಿ ಎಳೆಗಳ ಮೇಲೆ ಕೂರುತ್ತದೆ. ಗಾಲಿಗಳದ್ದಷ್ಟೇ ಕಷ್ಟ, ಅದನ್ನು ತೇರು ಹಾಕಿದವರು ಆಗಲೇ ಬಿಡಿಸಿಟ್ಟಿದ್ದಾರೆ.